ಜ್ವರ ಇಳಿದ ಮೇಲಿನ ಹದಿನೈದು ದಿನ

(ಧಾರವಾಡದಲ್ಲಿ ಅಂಗನವಾಡಿ ಕಾರ್ಯಕರ್ತೆಯರು, ಆಶಾ ಕಾರ್ಯಕರ್ತೆಯರು ಮತ್ತು ಶಿಕ್ಷಕರ ಮುಂದೆ ಮಾಡಿದ ಉಪನ್ಯಾಸ. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ಮೊಟಕು ಮಾಡಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಪರದೆ ಮೇಲೆ ಇರುವುದು ಆಗ ತಾನೇ ಹುಟ್ಟಿದ ಕೂಸಿನ ಕೈಯ ಎಕ್ಸ್‌ರೇ. ಬೆರಳಿನ ಎಲುಬುಗಳು ಕಾಣುತ್ತವೆ, ಅಂಗೈಯವೂ ಕಾಣುತ್ತವೆ. ಮಣಿಕಟ್ಟಿನ ಜಾಗ ನೋಡಿ, ಖಾಲಿ. ಅಲ್ಲಿ ಏನೂ ಇಲ್ಲ ಅಂತಲ್ಲ. ಎಂಟು ಎಲುಬುಗಳ ಅಚ್ಚು ಆಗಲೇ ಸಿದ್ಧವಾಗಿದೆ, ಆದರೆ ಎಲ್ಲ ಮೃದ್ವಸ್ಥಿ. ನಿಮ್ಮ ಕಿವಿಯ ಅಂಚು ಮುಟ್ಟಿ ನೋಡಿಕೊಳ್ಳಿ, ಅಷ್ಟು ಮೆತ್ತಗೆ. ಸುಣ್ಣದ ಅಂಶ ಸೇರುವವರೆಗೆ ಅದು ಎಕ್ಸ್‌ರೇಯಲ್ಲಿ ಕಾಣುವುದಿಲ್ಲ.

ಎರಡು ಮೂರು ತಿಂಗಳಿಗೆ ಅಲ್ಲಿ ಎರಡು ಚುಕ್ಕೆ ಮೂಡುತ್ತವೆ. ವರ್ಷದ ಆಸುಪಾಸಿಗೆ ಮುಂಗೈ ಎಲುಬಿನ ತುದಿಯಲ್ಲಿ ಇನ್ನೊಂದು. ಆಮೇಲೆ ಒಂದೊಂದಾಗಿ ಬರುತ್ತಾ ಹೋಗುತ್ತವೆ. ಕೊನೆಯದು, ಬಟಾಣಿಯಷ್ಟು ಚಿಕ್ಕದು, ಕಾಣಲು ಒಂಬತ್ತು ಹತ್ತು ವರ್ಷವೇ ಬೇಕು. ಹೆಣ್ಣುಮಕ್ಕಳಲ್ಲಿ ಎಲ್ಲವೂ ಸ್ವಲ್ಪ ಬೇಗ. ಯಾವ ವಯಸ್ಸಿಗೆ ಎಷ್ಟು ಎಲುಬು ಕಾಣಬೇಕು ಅನ್ನುವುದಕ್ಕೆ 1950ರಲ್ಲಿ ಗ್ರೂಲಿಕ್ ಮತ್ತು ಪೈಲ್ ಅನ್ನುವ ಇಬ್ಬರು ಮಾಡಿಕೊಟ್ಟ ಚಿತ್ರಗಳನ್ನು ಇವತ್ತಿಗೂ ಬಳಸುತ್ತೇವೆ. ಆ ಚಿತ್ರಗಳೆಲ್ಲ ಅಮೆರಿಕದ ಕ್ಲೀವ್‌ಲ್ಯಾಂಡ್ ಊರಿನ ಅನುಕೂಲಸ್ಥ ಮನೆಗಳ ಮಕ್ಕಳದ್ದು. ಹೊಟ್ಟೆಗೆ ಸಾಲದ, ಮೇಲಿಂದ ಮೇಲೆ ಕಾಯಿಲೆ ಬೀಳುವ ಹಳ್ಳಿ ಮಕ್ಕಳ ಕೈ ಎಕ್ಸ್‌ರೇ ತೆಗೆದು ಅದರ ಪಕ್ಕ ಇಟ್ಟರೆ ಚುಕ್ಕೆಗಳು ಕಡಿಮೆ ಇರುತ್ತವೆ. ವಯಸ್ಸು ಎರಡೂವರೆ, ಎಲುಬಿನ ವಯಸ್ಸು ಎರಡೂ ಆಗಿಲ್ಲ ಅನ್ನುವ ಹಾಗೆ.

ಎಲ್ಲರ ಕೈಯನ್ನೂ ಎಕ್ಸ್‌ರೇ ತೆಗೆಯಲು ಆಗುವುದಿಲ್ಲ, ತೆಗೆಯಲೂಬಾರದು. ನಿಮ್ಮ ಕೈಯಲ್ಲಿರುವುದು ಉದ್ದ ಅಳೆಯುವ ಹಲಗೆ. ಎರಡು ವರ್ಷದೊಳಗಿನ ಮಗುವನ್ನು ಮಲಗಿಸಿ ಅಳೆಯಬೇಕು. ಒಬ್ಬರು ತಲೆಯನ್ನು ಮೇಲಿನ ಪಟ್ಟಿಗೆ ತಾಗಿಸಿ ಹಿಡಿಯಬೇಕು, ಇನ್ನೊಬ್ಬರು ಎರಡೂ ಮೊಣಕಾಲನ್ನು ಮೆಲ್ಲಗೆ ಒತ್ತಿ ಕೆಳಗಿನ ಪಟ್ಟಿಯನ್ನು ಹಿಮ್ಮಡಿಗೆ ತರಬೇಕು. ಮಗು ಕಿರುಚುತ್ತಿರುತ್ತದೆ. ತಾಯಿ "ಸಾಕ್ರಿ ಅಕ್ಕೋರ, ಅಳಾಕತ್ತೈತಿ" ಅನ್ನುತ್ತಿರುತ್ತಾಳೆ. ಆ ಗಡಿಬಿಡಿಯಲ್ಲಿ ಒಂದು ಮೊಣಕಾಲು ಸ್ವಲ್ಪ ಮಡಚಿಕೊಂಡರೂ ಒಂದು ಸೆಂಟಿಮೀಟರ್ ಹೋಯಿತು. ಒಬ್ಬರೇ ಅಳೆದ ಉದ್ದವನ್ನು ನಾನು ನಂಬುವುದಿಲ್ಲ, ಯಾರು ಅಳೆದಿರಲಿ. ತೂಕಕ್ಕೆ ನಾವು ಕೊಡುವ ಗಮನದ ಅರ್ಧದಷ್ಟನ್ನೂ ಉದ್ದಕ್ಕೆ ಕೊಡುವುದಿಲ್ಲ. ತೂಕ ವಾರದಲ್ಲಿ ಇಳಿಯುತ್ತದೆ, ವಾರದಲ್ಲಿ ಏರುತ್ತದೆ. ಉದ್ದ ಇಳಿಯುವುದಿಲ್ಲ. ನಿಂತುಬಿಡುತ್ತದೆ, ನಿಂತದ್ದು ಯಾರಿಗೂ ಗೊತ್ತಾಗುವುದಿಲ್ಲ.

ಲೆಕ್ಕ ಸರಳ. ಹುಟ್ಟಿದಾಗ ಸುಮಾರು 50 ಸೆಂಟಿಮೀಟರ್. ಮೊದಲ ವರ್ಷ 25 ಸೇರುತ್ತದೆ. ಎರಡನೇ ವರ್ಷ 12ರ ಸುತ್ತಮುತ್ತ. ಆಮೇಲೆ ವರ್ಷಕ್ಕೆ ಆರೇಳು. ಅಂದರೆ ಇಡೀ ಜೀವಮಾನದಲ್ಲಿ ಎಲುಬು ಅಷ್ಟು ಜೋರಾಗಿ ಬೆಳೆಯುವುದು ಮೊದಲ ಎರಡು ವರ್ಷದಲ್ಲಿ ಮಾತ್ರ. ಅದೇ ಎರಡು ವರ್ಷದಲ್ಲಿ ಮಗು ಅಂಬೆಗಾಲಿಡುತ್ತದೆ, ಸಿಕ್ಕಿದ್ದನ್ನು ಬಾಯಿಗಿಡುತ್ತದೆ, ತಾಯಿ ಹಾಲಿನಿಂದ ಊಟಕ್ಕೆ ಬರುತ್ತದೆ, ಹೊಟ್ಟೆ ಕೆಡುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಇಲ್ಲದವರು. ಅದರ ಹಿಂದಿನ ಸಮೀಕ್ಷೆಯಲ್ಲಿ ಇದು ಶೇ. 36.2 ಇತ್ತು. ಇಷ್ಟು ವರ್ಷದ ಹಾಲು, ಬೆಲ್ಲ, ಶೇಂಗಾ, ಮೊಟ್ಟೆ, ಇಷ್ಟೊಂದು ಸಭೆ. ಮುಂದೆ ಬಂದದ್ದು ಒಂದು ಅಂಕಿಯೂ ಪೂರ್ತಿ ಇಲ್ಲ.

ಯಾಕೆ? ಊಟ ಸಾಲದು ಅನ್ನುವುದು ಅರ್ಧ ಉತ್ತರ. ಉಳಿದರ್ಧ ತಿಳಿಯಲು ಎಲುಬಿನ ಒಳಗೆ ಹೋಗಬೇಕು.

ಉದ್ದನೆಯ ಎಲುಬು ನಡುವಿನಿಂದ ಬೆಳೆಯುವುದಿಲ್ಲ, ತುದಿಯಿಂದ ಬೆಳೆಯುತ್ತದೆ. ತುದಿಗೆ ಹತ್ತಿರ ತೆಳ್ಳನೆಯ ಒಂದು ಮೃದ್ವಸ್ಥಿ ಪದರ ಇರುತ್ತದೆ. ಅದನ್ನು ಬೆಳವಣಿಗೆ ಪದರ ಅನ್ನೋಣ. ಅಲ್ಲಿ ಜೀವಕೋಶಗಳು ಒಂದರ ಮೇಲೊಂದು ಸಾಲಾಗಿ ಕೂತಿರುತ್ತವೆ. ಒಡೆದು ಎರಡಾಗುತ್ತವೆ, ಉಬ್ಬುತ್ತವೆ, ಕೊನೆಗೆ ಸುಣ್ಣ ಸೇರಿ ಎಲುಬಾಗುತ್ತವೆ. ಕಾಲಿನ ಉದ್ದದ ಹೆಚ್ಚಿನ ಪಾಲು ಬರುವುದು ಮೊಣಕಾಲಿನ ಮೇಲೂ ಕೆಳಗೂ ಇರುವ ಎರಡು ಪದರಗಳಿಂದ. ಈ ಕೋಶಗಳಿಗೆ "ಬೆಳೆಯಿರಿ" ಅಂತ ಹೇಳುವ ಒಂದು ಹಾರ್ಮೋನನ್ನು ಯಕೃತ್ತು ತಯಾರಿಸುತ್ತದೆ. ಮಗುವಿಗೆ ಪ್ರೋಟೀನ್, ಶಕ್ತಿ, ಝಿಂಕ್ ಸಿಗದಿದ್ದರೆ ಅದು ಇಳಿಯುತ್ತದೆ. ಇದು ಎಲ್ಲರಿಗೂ ಗೊತ್ತಿರುವ ಮಾತು. ಕಡಿಮೆ ಗೊತ್ತಿರುವುದು ಏನೆಂದರೆ, ಹೊಟ್ಟೆ ತುಂಬಿದ ಮಗುವಿಗೆ ಜ್ವರ ಬಂದರೂ ಅದು ಇಳಿಯುತ್ತದೆ. ಸೋಂಕಿನ ಜೊತೆ ಹೋರಾಡುವಾಗ ರಕ್ತದಲ್ಲಿ ಏಳುವ ಉರಿಯೂತದ ರಾಸಾಯನಿಕಗಳು ಯಕೃತ್ತಿನ ಆ ಕೆಲಸ ನಿಲ್ಲಿಸುತ್ತವೆ, ಬೆಳವಣಿಗೆ ಪದರದ ಕೋಶಗಳನ್ನೂ ಸುಮ್ಮನಾಗಿಸುತ್ತವೆ. ಊರಿಗೆ ಬೆಂಕಿ ಬಿದ್ದರೆ ಗೋಡೆ ಕಟ್ಟುವ ಗೌಂಡಿಯೂ ಕರಣೆ ಕೆಳಗಿಟ್ಟು ಕೊಡ ಹಿಡಿದು ಓಡುತ್ತಾನಲ್ವಾ, ಹಾಗೆ. ಸೋಂಕು ಇರುವಷ್ಟು ದಿನ ಕಟ್ಟುವ ಕೆಲಸ ಬಂದ್.

ಇದರ ಮೇಲೆ ಮಗು ಊಟ ಬಿಡುತ್ತದೆ. ತಿಂದದ್ದೂ ಭೇದಿಯಲ್ಲಿ ಹೋಗುತ್ತದೆ. ಮೈಯ ಮಾಂಸವೇ ಕರಗಿ ಹೋರಾಟಕ್ಕೆ ಇಂಧನವಾಗುತ್ತದೆ. ಸೊರಗಿದ ಮಗುವಿಗೆ ಮುಂದಿನ ಸೋಂಕು ಇನ್ನೂ ಬೇಗ ಹಿಡಿಯುತ್ತದೆ. ಇದನ್ನು ಅಮೆರಿಕದ ಪೋಷಣಾ ತಜ್ಞ ನೆವಿನ್ ಸ್ಕ್ರಿಮ್‌ಶಾ ಮತ್ತು ಇಬ್ಬರು ಸಂಗಡಿಗರು 1968ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗೆ ಬರೆದುಕೊಟ್ಟರು. ಪೋಷಣೆ ಒಂದು ಇಲಾಖೆ, ಸೋಂಕು ಇನ್ನೊಂದು ಇಲಾಖೆ ಅಂತ ನೋಡಬೇಡಿ, ಎರಡೂ ಒಂದನ್ನೊಂದು ಕೆಡಿಸುತ್ತವೆ ಅನ್ನುವುದು ಅವರ ವಾದ. ಅರ್ಧ ಶತಮಾನ ದಾಟಿತು. ನಮ್ಮಲ್ಲಿ ಇನ್ನೂ ಎರಡು ಇಲಾಖೆ, ಎರಡು ರಿಜಿಸ್ಟರ್.

ಈ ವಿಚಾರಕ್ಕೆ ಸಿಕ್ಕ ಪುರಾವೆಯಲ್ಲಿ ಬಹಳಷ್ಟು ಗ್ವಾಟೆಮಾಲಾದಿಂದ ಬಂದಿದೆ. ಮಧ್ಯ ಅಮೆರಿಕದ ಸಣ್ಣ ದೇಶ. ಸ್ಕ್ರಿಮ್‌ಶಾ 1949ರಲ್ಲಿ ಅಲ್ಲಿ ಒಂದು ಪೋಷಣಾ ಸಂಸ್ಥೆ ಕಟ್ಟಿದರು. ಆ ಸಂಸ್ಥೆಯ ಲಿಯೊನಾರ್ಡೊ ಮಾತಾ 1960ರ ದಶಕದಲ್ಲಿ ಸಾಂತಾ ಮರಿಯಾ ಕೌಕೆ ಅನ್ನುವ ಹಳ್ಳಿಯ ಮಕ್ಕಳನ್ನು ಹುಟ್ಟಿದಂದಿನಿಂದ ಹಿಂಬಾಲಿಸಿದರು. ಒಂದೊಂದು ಮಗುವಿನ ತೂಕದ ಗೆರೆ ಬರೆದು, ಅದರ ಕೆಳಗೆ ಯಾವ ವಾರ ಭೇದಿ, ಯಾವ ವಾರ ಕೆಮ್ಮು, ಯಾವಾಗ ದಡಾರ ಅಂತ ಗುರುತು ಹಾಕಿದರು. ಆ ಚಿತ್ರ ಒಮ್ಮೆ ನೋಡಿದರೆ ಮರೆಯುವುದಿಲ್ಲ. ಆರು ತಿಂಗಳವರೆಗೆ ಗೆರೆ ಚೆನ್ನಾಗಿ ಏರುತ್ತದೆ. ಆಮೇಲೆ ಕೆಳಗೆ ಗುರುತುಗಳು ಒತ್ತೊತ್ತಾಗಿ ಬರುತ್ತವೆ, ಮೇಲೆ ಗೆರೆ ಅಡ್ಡ ಮಲಗುತ್ತದೆ.

ಎಲುಬಿನ ಒಳಗೂ ಗುರುತು ಉಳಿಯುತ್ತದೆಯಾ ಅಂತ ನೋಡಿದವರು ಸ್ಟಾನ್ಲಿ ಗಾರ್ನ್. ಅದೇ ದೇಶದಲ್ಲಿ ತೀವ್ರ ಅಪೌಷ್ಟಿಕತೆಯಿದ್ದ ಮಕ್ಕಳ ಅಂಗೈ ಎಲುಬನ್ನು ಅಳೆದು 1964ರಲ್ಲಿ ಪ್ರಕಟಿಸಿದರು. ಎಲುಬಿನ ಗಟ್ಟಿ ಗೋಡೆ ತೀರಾ ತೆಳ್ಳಗಿತ್ತು, ಒಳಗಿನ ಟೊಳ್ಳು ಅಗಲವಾಗಿತ್ತು. ಹೊಸದಾಗಿ ಕಟ್ಟುವುದು ನಿಂತದ್ದಷ್ಟೇ ಅಲ್ಲ, ಕಟ್ಟಿದ್ದನ್ನೂ ಒಳಗಿನಿಂದ ಕಳೆದುಕೊಂಡಿದ್ದರು. ಇನ್ನು ಕಾಲಿನ ಎಲುಬಿನಲ್ಲಿ ಅಡ್ಡಗೆರೆಗಳು ಕಾಣುತ್ತವೆ. ಹ್ಯಾರಿಸ್ ಗೆರೆ ಅನ್ನುತ್ತಾರೆ. ನಿಂತ ಬೆಳವಣಿಗೆ ಮತ್ತೆ ಶುರುವಾದಾಗ ಮೂಡುವ ಗುರುತು. ಒಂದು ಕಾಲಕ್ಕೆ ಗೆರೆ ಎಣಿಸಿ ಮಗು ಎಷ್ಟು ಸಲ ಕಾಯಿಲೆ ಬಿದ್ದಿತ್ತು ಅಂತ ಹೇಳುತ್ತಿದ್ದರು. ನನಗೆ ಅದರಲ್ಲಿ ನಂಬಿಕೆ ಇಲ್ಲ. ಆರೋಗ್ಯವಾಗಿದ್ದ ಮಕ್ಕಳಲ್ಲೂ ಆ ಗೆರೆ ಸಿಗುತ್ತದೆ, ಇದ್ದ ಗೆರೆ ಅಳಿಸಿಯೂ ಹೋಗುತ್ತದೆ.

ದೊಡ್ಡ ಪ್ರಯೋಗ ನಡೆದದ್ದು 1969ರಿಂದ 1977ರವರೆಗೆ, ಗ್ವಾಟೆಮಾಲಾದ ನಾಲ್ಕು ಹಳ್ಳಿಗಳಲ್ಲಿ. ಎರಡು ಹಳ್ಳಿಗೆ ಅಟೊಲೆ, ಅಂದರೆ ಪ್ರೋಟೀನ್ ಮತ್ತು ಹಾಲಿನ ಪುಡಿ ಸೇರಿಸಿದ ಗಂಜಿ. ಒಂದು ಲೋಟಕ್ಕೆ 163 ಕ್ಯಾಲರಿ. ಇನ್ನೆರಡು ಹಳ್ಳಿಗೆ ಫ್ರೆಸ್ಕೊ, ಸಿಹಿ ಪಾನಕ, 59 ಕ್ಯಾಲರಿ, ಪ್ರೋಟೀನ್ ಇಲ್ಲ. ವೈದ್ಯಕೀಯ ಸೇವೆ ನಾಲ್ಕಕ್ಕೂ ಉಚಿತ. ಮೂರು ವರ್ಷಕ್ಕೆ ಅಟೊಲೆ ಕುಡಿದ ಮಕ್ಕಳು ಸುಮಾರು ಎರಡೂವರೆ ಸೆಂಟಿಮೀಟರ್ ಮುಂದಿದ್ದರು. ಮೂರು ದಾಟಿದ ಮೇಲೆ ಕೊಟ್ಟ ಅಟೊಲೆ ಎತ್ತರಕ್ಕೆ ಏನೂ ಸೇರಿಸಲಿಲ್ಲ. ಇದನ್ನು ನೆನಪಿಡಿ. ಆ ಮಕ್ಕಳನ್ನೇ ದೊಡ್ಡವರಾದ ಮೇಲೆ, 2002-04ರಲ್ಲಿ, ಹುಡುಕಿ ಮಾತಾಡಿಸಿದರು. ಎರಡು ವರ್ಷದೊಳಗೆ ಅಟೊಲೆ ಸಿಕ್ಕಿದ್ದ ಗಂಡಸರ ತಾಸಿನ ಗಳಿಕೆ ಶೇ. 46ರಷ್ಟು ಜಾಸ್ತಿ ಇತ್ತು. ಹೆಂಗಸರ ಗಳಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ, ಆದರೆ ಅವರು ಶಾಲೆಯಲ್ಲಿ ಒಂದು ತರಗತಿಗಿಂತ ಸ್ವಲ್ಪ ಹೆಚ್ಚೇ ಮುಂದೆ ಓದಿದ್ದರು. ಓದಿದವಳಿಗೂ ಕೂಲಿ ಏರಲಿಲ್ಲ ಅಂದರೆ ತಪ್ಪು ಗಂಜಿಯದ್ದಲ್ಲ ಬಿಡಿ.

ಎತ್ತರ ಯಾಕೆ ಬೇಕು, ಗಿಡ್ಡ ಇದ್ದರೆ ಏನು ಕಷ್ಟ ಅಂತ ಕೇಳುವವರಿಗೆ ಇದೇ ಉತ್ತರ. ಎತ್ತರಕ್ಕಾಗಿ ಎತ್ತರ ಬೇಕಿಲ್ಲ. ಎಲುಬು ನಿಂತ ದಿನಗಳಲ್ಲಿ ಮಿದುಳಿಗೂ ಬೇಕಾದ್ದು ಸಿಕ್ಕಿರುವುದಿಲ್ಲ. ಉದ್ದ ಅಳೆಯಬಹುದು, ಮಿದುಳು ಕಳೆದುಕೊಂಡದ್ದನ್ನು ಹಲಗೆಯಲ್ಲಿ ಅಳೆಯಲಾಗದು.

ನನ್ನ ಮಾತಿನ ತಿರುಳು ಇರುವುದು ಇನ್ನೊಂದು ಊರಿನ ಅಧ್ಯಯನದಲ್ಲಿ. ಕೊಲಂಬಿಯಾದ ಬೊಗೊಟಾ. ಅಲ್ಲಿನ ಬಡ ಮನೆಗಳ ಮಕ್ಕಳನ್ನು ಮೂರು ವರ್ಷದವರೆಗೆ ನೋಡಿದರು. ಕೆಲವರಿಗೆ ಹೆಚ್ಚುವರಿ ಆಹಾರ, ಕೆಲವರಿಗೆ ಇಲ್ಲ. 1989ರಲ್ಲಿ ಪ್ರಕಟವಾಯಿತು. ಹೆಚ್ಚುವರಿ ಆಹಾರ ಸಿಗದ ಮಕ್ಕಳಲ್ಲಿ ಭೇದಿ ಎಷ್ಟು ದಿನ ಇತ್ತೋ ಅಷ್ಟು ಎತ್ತರ ಕಡಿಮೆ. ಸಿಕ್ಕ ಮಕ್ಕಳಿಗೂ ಭೇದಿ ಆಯಿತು. ಆದರೆ ಅದು ಅವರ ಎತ್ತರವನ್ನು ಮುಟ್ಟಲೇ ಇಲ್ಲ. ಅಂದರೆ ಕಾಯಿಲೆ ಬರುವುದನ್ನು ಪೂರ್ತಿ ತಡೆಯಲು ಆಗದಿದ್ದರೂ, ಕಾಯಿಲೆ ಎಲುಬಿನಿಂದ ಕಿತ್ತುಕೊಂಡದ್ದನ್ನು ವಾಪಸ್ ಪಡೆಯಬಹುದು. ಹಿಂದುಳಿದ ಮಗು ಅಡ್ಡಿ ಸರಿದ ಮೇಲೆ ಮಾಮೂಲಿಗಿಂತ ಜೋರಾಗಿ ಬೆಳೆದು ತನ್ನ ಗೆರೆ ಹಿಡಿಯುತ್ತದೆ ಅಂತ ಪ್ರಾಡರ್, ಟ್ಯಾನರ್ ಮತ್ತು ಹಾರ್ನಾಕ್ 1963ರಲ್ಲೇ ತೋರಿಸಿದ್ದರು. ಒಂದೇ ಷರತ್ತು: ಆಗ ಊಟ ಇರಬೇಕು. ಮಾಮೂಲಿ ಊಟ ಸಾಲದು, ಹೆಚ್ಚಿಗೆ ಬೇಕು.

ಈಗ ನಮ್ಮ ಕಡೆ ನೋಡೋಣ. ಮುಂಗಾರು ಬಿತ್ತು. ನವಲಗುಂದ ಕಡೆ ಕೆರೆ ನೀರಿಗೆ ಹೊಸ ನೀರು ಸೇರಿತು. ಅಂಗಳದಲ್ಲಿ ಕೋಳಿ, ದನ, ಕೆಸರು. ಹತ್ತು ತಿಂಗಳ ಕೂಸಿಗೆ ಹೊಟ್ಟೆ ಕೆಡುತ್ತದೆ. "ಹಲ್ಲು ಬರಾಕತ್ತಾವ್ರೀ, ಅದಕ್ಕ" ಅನ್ನುತ್ತಾರೆ. ಹಲ್ಲಿಗೂ ಭೇದಿಗೂ ಸಂಬಂಧ ಇಲ್ಲ. ಹಲ್ಲು ಬರುವ ವಯಸ್ಸೂ ಮಣ್ಣು ಬಾಯಿಗೆ ಹೋಗುವ ವಯಸ್ಸೂ ಒಂದೇ, ಅಷ್ಟೇ. ನಾಲ್ಕು ದಿನ ಬರೀ ಅಕ್ಕಿ ಗಂಜಿ ತಿಳಿ. "ಹೊಟ್ಟಿ ಹಗುರ ಇರ್ಲಿ." ಐದನೇ ದಿನ ಭೇದಿ ನಿಲ್ಲುತ್ತದೆ. ಎಲ್ಲರಿಗೂ ಸಮಾಧಾನ. ತಾಯಿ ಮತ್ತೆ ಶೇಂಗಾ ಹೊಲಕ್ಕೆ ಕಳೆ ತೆಗೆಯಲು ಹೊರಡುತ್ತಾಳೆ, ಕೂಸು ಅಜ್ಜಿ ಹತ್ತಿರ. ಗಂಜಿ ತಿಳಿ ಇನ್ನೂ ಒಂದು ವಾರ ನಡೆಯುತ್ತದೆ. ಗೌಂಡಿ ಕರಣೆ ಹಿಡಿದು ವಾಪಸ್ ಬಂದು ನಿಂತಿದ್ದಾನೆ, ಇಟ್ಟಿಗೆ ಇಲ್ಲ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋಗುವ ತಾಯಂದಿರದ್ದೂ ಬೇಸಿಗೆಯಲ್ಲಿ ಇದೇ ಕಥೆ. ಕೂಲಿ ತಪ್ಪಿಸಿಕೊಳ್ಳಲು ಆಗದ ದಿನಗಳೂ ಎಲುಬು ಕಾಯುತ್ತಿರುವ ದಿನಗಳೂ ಒಂದರ ಮೇಲೊಂದು ಬೀಳುತ್ತವೆ.

ಗ್ವಾಟೆಮಾಲಾದಲ್ಲೂ ಕಾಯಿಲೆ ದಿನಗಳಲ್ಲಿ ಮಕ್ಕಳ ಊಟ ಸುಮಾರು ಶೇ. 20ರಷ್ಟು ಕಡಿಮೆ ಆಗುತ್ತಿತ್ತು. ಅದನ್ನು ಒಪ್ಪಿಕೊಳ್ಳೋಣ, ಜ್ವರದ ಮಗುವಿಗೆ ತುರುಕಬೇಡಿ. ಆದರೆ ಜ್ವರ ಇಳಿದ ಮೇಲೆ ಮಗು ಹಸಿದುಕೊಳ್ಳುತ್ತದೆ. ದಿನಕ್ಕೆ ಒಂದು ಊಟ ಜಾಸ್ತಿ, ಎರಡು ವಾರ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಇದನ್ನೇ. ಏನು ಕೊಡಬೇಕು? ಅಂಗಡಿಯ ಡಬ್ಬಿ ಬೇಡ. ಹೆಸರುಬೇಳೆ ಹಾಕಿದ ಕಿಚಡಿ, ಮೆತ್ತಗೆ. ಜೋಳದ ರೊಟ್ಟಿ ಹಾಲಿನಲ್ಲಿ ನೆನೆಸಿ ಕಿವುಚಿದ್ದು. ಅದರಲ್ಲಿ ಹುರಿದ ಶೇಂಗಾದ ನುಣ್ಣನೆ ಪುಡಿ. ಮೊಸರು. ತಿನ್ನುವ ಮನೆಯಾದರೆ ಮೊಟ್ಟೆ. ಮಗುವಿನ ಹೊಟ್ಟೆ ಒಂದು ಸಲಕ್ಕೆ ಒಂದು ಬಟ್ಟಲು ಹಿಡಿಯುತ್ತದೆ. ಆ ಬಟ್ಟಲು ತಿಳಿ ನೀರಾದರೆ ಜಾಗ ಹಾಳು. ಒಂದು ಚಹಾ ಚಮಚ ಎಣ್ಣೆಯೋ ತುಪ್ಪವೋ ಬೆರೆಸಿದರೆ ಸುಮಾರು 40 ಕ್ಯಾಲರಿ ಸೇರಿತು, ಬಟ್ಟಲು ದೊಡ್ಡದಾಗಲಿಲ್ಲ.

ಹಾಗಾದರೆ ಶೌಚಾಲಯ, ಶುದ್ಧ ನೀರು? ಇಲ್ಲಿ ಒಂದು ಕಹಿ ವಿಷಯ ಹೇಳಲೇಬೇಕು. ಬಾಂಗ್ಲಾದೇಶ, ಕೀನ್ಯಾ, ಜಿಂಬಾಬ್ವೆಗಳಲ್ಲಿ ಬಹಳ ದೊಡ್ಡ ಪ್ರಯೋಗಗಳು ನಡೆದವು. ಫಲಿತಾಂಶ 2018-19ರಲ್ಲಿ ಬಂತು. ಶೌಚಾಲಯ ಕಟ್ಟಿಸಿದರು, ಸಾಬೂನು ಕೊಟ್ಟರು, ನೀರಿಗೆ ಕ್ಲೋರಿನ್ ಕೊಟ್ಟರು. ಮಕ್ಕಳ ಎತ್ತರ ಬದಲಾಗಲಿಲ್ಲ. ಬಾಂಗ್ಲಾದಲ್ಲಿ ಭೇದಿಯಂತೂ ಕಡಿಮೆ ಆಯಿತು, ಎತ್ತರ ಮಾತ್ರ ಅಷ್ಟೇ. ಪೂರಕ ಆಹಾರ ಕೊಟ್ಟ ಕಡೆ ಸ್ವಲ್ಪ ಏರಿತು. ಇದನ್ನು ಹಿಡಿದು ಶೌಚಾಲಯ ದಂಡ ಅನ್ನುವವರಿದ್ದಾರೆ. ನಾನು ಹಾಗೆ ಓದುವುದಿಲ್ಲ. ಭೇದಿ ಕಣ್ಣಿಗೆ ಕಾಣುವ ಕಾಯಿಲೆ. ಕಾಣದ ಸೋಂಕು ಜಾಸ್ತಿ ಇದೆ. ನಮ್ಮ ವೆಲ್ಲೂರೂ ಸೇರಿ ಎಂಟು ದೇಶಗಳ ಒಂದೊಂದು ಊರಿನಲ್ಲಿ ಮಕ್ಕಳ ಮಲವನ್ನು ನಿಯಮಿತವಾಗಿ ಪರೀಕ್ಷಿಸಿದಾಗ, ಭೇದಿ ಇಲ್ಲದ ದಿನವೂ ಶಿಗೆಲ್ಲಾ, ಜಿಯಾರ್ಡಿಯಾದಂಥ ರೋಗಾಣುಗಳು ಸಿಕ್ಕವು. ಅವು ಇದ್ದ ಮಕ್ಕಳೇ ಬೆಳವಣಿಗೆಯಲ್ಲಿ ಹಿಂದೆ ಬಿದ್ದದ್ದು. ಕರುಳಿನ ಒಳಗೋಡೆ ಸವೆದು, ತಿಂದದ್ದು ಸರಿಯಾಗಿ ಹೀರದೆ, ಸಣ್ಣ ಉರಿಯೂತ ಸದಾ ಹೊಗೆಯಾಡುತ್ತಿರುತ್ತದೆ. ಅಂಥ ಕರುಳನ್ನು ಸರಿಮಾಡಲು ಒಂದು ಗುಂಡಿ, ಒಂದು ಸಾಬೂನು ಸಾಲಲಿಲ್ಲ. ಕೋಳಿ ಓಡಾಡುವ ಅಂಗಳದಲ್ಲೇ ಮಗು ಕೂತಿದ್ದರೆ ಶೌಚಾಲಯಕ್ಕೆ ಬೀಗ ಹಾಕಿದರೂ ಒಂದೇ, ತೆಗೆದರೂ ಒಂದೇ.

ಮೊಟ್ಟೆ ಬಗ್ಗೆ ಎರಡು ಮಾತು. ಗದಗಿನ ಗ್ರಾಮೀಣಾಭಿವೃದ್ಧಿ ವಿಶ್ವವಿದ್ಯಾಲಯದವರು ಶಾಲೆ ಮಕ್ಕಳನ್ನು ಹೋಲಿಸಿ ನೋಡಿದರು. ಯಾದಗಿರಿಯಲ್ಲಿ ಮೊಟ್ಟೆ ಶುರುವಾಗಿತ್ತು, ಗದಗಿನಲ್ಲಿ ಆಗ ಇರಲಿಲ್ಲ. ಯಾದಗಿರಿ ಮಕ್ಕಳ ತೂಕ ಹೆಚ್ಚು ಏರಿತು. ಒಳ್ಳೆಯದೇ. 2024ರಿಂದ ಶಾಲೆಗಳಲ್ಲಿ ವಾರಕ್ಕೆ ಆರು ದಿನ ಬಂದಿದೆ, ಅದೂ ಒಳ್ಳೆಯದು. ಆದರೆ ಶಾಲೆಗೆ ಬರುವ ಹೊತ್ತಿಗೆ ಎತ್ತರದ ಮುಖ್ಯ ವರ್ಷಗಳು ಮುಗಿದಿರುತ್ತವೆ. ಶಾಲೆ ಮೊಟ್ಟೆಗೆ ನಾವು ಮಾಡಿದ ಜಗಳದ ಕಾಲುಭಾಗವನ್ನಾದರೂ ಒಂದು ವರ್ಷದ ಕೂಸಿನ ಬಟ್ಟಲಿಗೆ ಮಾಡಬೇಕಿತ್ತು. ಅಂಗನವಾಡಿಯಿಂದ ಮನೆಗೆ ಹೋಗುವ ಪುಷ್ಟಿ ಪೊಟ್ಟಣ ಮನೆಮಂದಿಯ ಉಂಡಿಯಾಗುವುದು ನಿಮಗೇ ಗೊತ್ತು. ಇನ್ನು ಮೊಟ್ಟೆಯೂ ಮಂತ್ರವಲ್ಲ. ಈಕ್ವೆಡಾರ್‌ನಲ್ಲಿ ಆರು ತಿಂಗಳು ದಿನಕ್ಕೊಂದು ಮೊಟ್ಟೆ ಕೊಟ್ಟಾಗ ಕೂಸುಗಳು ಚೆನ್ನಾಗಿ ಬೆಳೆದವು. ಅದೇ ಪ್ರಯೋಗ ಮಲಾವಿಯಲ್ಲಿ ಮಾಡಿದರೆ ವ್ಯತ್ಯಾಸ ಆಗಲಿಲ್ಲ. ಅಲ್ಲಿನವರು ಮೊದಲೇ ಮೀನು ತಿನ್ನುವವರು.

ಇನ್ನು ಪ್ರಶ್ನೆಗಳು.

ಹಾವೇರಿ ಕಡೆಯ ಶಿಕ್ಷಕರೊಬ್ಬರು ಕೇಳಿದರು: "ಸರ್, ನಮ್ಮ ಮನಿತನಾನ ಗಿಡ್ಡ ಐತ್ರಿ. ಮಕ್ಕಳು ಎಲ್ಲಿಂದ ಎತ್ತರ ಆಗ್ತಾವ?"

ದೊಡ್ಡವರ ಎತ್ತರದಲ್ಲಿ ವಂಶದ ಪಾಲು ಇದ್ದೇ ಇದೆ. ಆದರೆ ಎರಡು ವರ್ಷದ ಮಗುವಿಗೆ ಆ ನೆಪ ನಡೆಯುವುದಿಲ್ಲ. ಈಗ ನೀವು ಬಳಸುವ ಬೆಳವಣಿಗೆ ಪಟ್ಟಿ ವಿಶ್ವ ಆರೋಗ್ಯ ಸಂಸ್ಥೆಯದ್ದು, 2006ರದ್ದು. ಅದಕ್ಕಾಗಿ ದೆಹಲಿ, ಓಸ್ಲೊ, ಅಕ್ರಾ, ಮಸ್ಕತ್, ಬ್ರೆಜಿಲ್‌ನ ಪೆಲೊಟಾಸ್, ಅಮೆರಿಕದ ಡೇವಿಸ್, ಈ ಆರು ಕಡೆಯ ಚೆನ್ನಾಗಿ ಉಂಡ, ಚೆನ್ನಾಗಿ ನೋಡಿಕೊಂಡ ಮಕ್ಕಳನ್ನು ಅಳೆದರು. ಉದ್ದದ ಒಟ್ಟು ವ್ಯತ್ಯಾಸದಲ್ಲಿ ಊರಿನಿಂದ ಊರಿಗೆ ಬಂದದ್ದು ಶೇ. 3 ಮಾತ್ರ. ದಕ್ಷಿಣ ದೆಹಲಿಯ ಕೂಸು ನಾರ್ವೆಯ ಕೂಸಿನಷ್ಟೇ ಬೆಳೆಯಿತು. ಜೊತೆಗೆ, ನಿಮ್ಮ ಅಜ್ಜ ಗಿಡ್ಡ ಇದ್ದದ್ದು ವಂಶದಿಂದಲೋ ಅವರ ಬಾಲ್ಯದ ಬರಗಾಲದಿಂದಲೋ ಯಾರು ನೋಡಿದ್ದಾರೆ?

ಮುಂಡರಗಿಯಿಂದ ಬಂದ ಒಬ್ಬ ಕಾರ್ಯಕರ್ತೆ ನೀರಿನ ಬಗ್ಗೆ ಎತ್ತಿದರು. ಅವರ ಊರಿನ ಮಕ್ಕಳ ಹಲ್ಲು ಕಂದು. ಹೌದು, ಆ ಭಾಗದ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲವಾದರೆ 1.5ರವರೆಗೆ ಅನ್ನುತ್ತದೆ ಭಾರತೀಯ ಮಾನದಂಡ. ಹಲ್ಲು ಮೊದಲ ಗುರುತು, ಆಮೇಲೆ ಎಲುಬು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 1973ರಲ್ಲೇ ಫ್ಲೋರೈಡ್ ಇರುವ ಊರುಗಳಲ್ಲಿ ಮೊಣಕಾಲು ಒಳಕ್ಕೆ ಬಾಗಿದ ಹುಡುಗರ ಬಗ್ಗೆ ಬರೆದಿದ್ದರು. ಸುಣ್ಣದ ಅಂಶ ಕಡಿಮೆ ತಿನ್ನುವವರಿಗೆ ತೊಂದರೆ ಹೆಚ್ಚು. ಹಾಗಾಗಿ ಅಲ್ಲಿ ಹಾಲು, ಮಜ್ಜಿಗೆ, ರಾಗಿ, ಎಳ್ಳು ಬಿಡಬೇಡಿ. ಆದರೆ ನೀರು ಬದಲಾಗದೆ ಊಟದಿಂದ ಅದು ಪೂರ್ತಿ ಹೋಗುವುದಿಲ್ಲ. ಕುದಿಸಿದರೂ ಹೋಗುವುದಿಲ್ಲ, ಇದನ್ನು ಊರಲ್ಲಿ ಹೇಳಿ.

ಎತ್ತರ ಹೆಚ್ಚಿಸುವ ಪುಡಿ ಡಬ್ಬಿಗಳ ಬಗ್ಗೆ ಯಾರೋ ಚೀಟಿ ಕಳಿಸಿದ್ದರು. ಆ ದುಡ್ಡಿಗೆ ಶೇಂಗಾ ಕೊಳ್ಳಿ.

ಕೊನೆಗೆ ಕುಂದಗೋಳ ಕಡೆಯ ಆಶಾ ಕಾರ್ಯಕರ್ತೆಯೊಬ್ಬರು ಎದ್ದರು. "ಸರ್, ನೀವು ಹೇಳೋದು ಖರೇ. ಆದ್ರ ತಾಯಿ ಹೊಲಕ್ಕ ಹೋಗ್ತಾಳ. ಎರಡು ವಾರ ಒಂದು ಊಟ ಜಾಸ್ತಿ ಅಂದ್ರ ಮನಿಯಾಗ ಯಾರು ನೆನಪಿಡ್ತಾರ್ರಿ?"

ಭೇದಿಯಾದ ಮಗುವಿಗೆ ನೀವು ಓಆರ್‌ಎಸ್ ಜೊತೆ ಝಿಂಕ್ ಮಾತ್ರೆ ಕೊಡುತ್ತೀರಿ, 14 ದಿನಕ್ಕೆ. ಭೇದಿ ನಿಂತ ಕೂಡಲೇ ಹೆಚ್ಚಿನವರು ಮಾತ್ರೆ ಬಿಡುತ್ತಾರೆ. ಆ ಮಾತ್ರೆ ಹಾಳೆಯನ್ನು ತಾಯಿಯ ಮುಂದೆಯೇ ಅಜ್ಜಿಯ ಕೈಗೆ ಕೊಡಿ. "ದಿನಾ ಒಂದು ಮಾತ್ರಿ, ಅದರ ಜೋಡಿ ಒಂದು ಊಟ ಜಾಸ್ತಿ, ಮಾತ್ರಿ ಮುಗಿಯೋ ತನಕ" ಅನ್ನಿ. ಎರಡರಿಂದ ಆರು ತಿಂಗಳ ಕೂಸಾದರೆ ಅರ್ಧ ಮಾತ್ರೆ, ಊಟದ ಬದಲು ಎದೆಹಾಲು ಹೆಚ್ಚು ಸಲ. ಜ್ವರ ಕೆಮ್ಮಿಗೆ ಝಿಂಕ್ ಇಲ್ಲ, ಆಗ ಗೋಡೆಯ ಕ್ಯಾಲೆಂಡರಿನಲ್ಲಿ ಎರಡು ವಾರಕ್ಕೆ ಗೆರೆ ಎಳೆದು ಬನ್ನಿ. ಇನ್ನೊಂದು: ಕಾಯಿಲೆ ದಿನ ನೀವು ಹೇಗೂ ಹೋಗುತ್ತೀರಿ. ಮಗು ಗುಣವಾದ ಹತ್ತನೇ ದಿನ ಇನ್ನೊಮ್ಮೆ ಹೋಗಿ. ಮಗು ಹೇಗಿದೆ ಅಂತ ಕೇಳಬೇಡಿ, "ಆರಾಮ ಐತ್ರಿ" ಅಂತಾರೆ. ಹಾಳೆಯಲ್ಲಿ ಎಷ್ಟು ಮಾತ್ರೆ ಉಳಿದಿದೆ ಅಂತ ನೋಡಿ, ಮಧ್ಯಾಹ್ನ ಬಟ್ಟಲಲ್ಲಿ ಏನಿತ್ತು ಅಂತ ಅಜ್ಜಿಯನ್ನು ಕೇಳಿ.